ಊಟದ ಬೋಗಿ

ಒಂದೂರಲ್ಲಿ ಒಂದು ರೈಲಿತ್ತಂತೆ. ಹೋಗುವ ದಾರಿ ಅದಕ್ಕೆ ಬಾಯಿಪಾಠ. ತಿರುಗಿ ಬರುವಾಗ ಮಾತ್ರ ಕಾಣದ ಕೈಯೊಂದು ಕಾಲು ಹಿಡಿದು ನಿಲ್ಲಿಸಿಬಿಡುತ್ತಿತ್ತಂತೆ. ಆ ಊರು ಒಂದು ಕೋಣೆಯಷ್ಟೇ ದೊಡ್ಡದು. ಅದರ ದೊರೆ, ಲಿಫ್ಟ್ ರಿಪೇರಿ ಮಾಡುತ್ತಿದ್ದವನು, ಈಗ ಅದೇ ಕೋಣೆಯ ಮಂಚದ ಮೇಲೆ ಬಿಳಿ ಹೊದಿಕೆಯೊಳಗೆ ತಣ್ಣಗೆ ಮಲಗಿದ್ದ. ಅವನ ಹೆಂಡತಿಯ ತಮ್ಮ ಗರಗಸದ ಹಲ್ಲನ್ನು ಮೇಜಿನ ಅಂಚಿಗೆ ತಾಗಿಸಿದ್ದ.

“ತೆಗಿಯೋ ಅದನ್ನ!” ಹೆಂಡತಿ ಓಡಿಬಂದು ಗರಗಸದ ಹಿಡಿಯನ್ನೇ ಹಿಡಿದಳು.

“ಅಕ್ಕ, ಸ್ಮಶಾನದ ಗಾಡಿ ಬಂದು ನಿಂತಿದೆ. ಮೇಜು ಕತ್ತರಿಸದೆ ಭಾವನ್ನ ಹೊರಗೆ ತರೋದು ಹೇಗೆ? ಗೋಡೆಯಿಂದ ಗೋಡೆಗೆ ಮೇಜು ಹಾಕಿ ಆಟದ ರೈಲಿಗೆ ಹಳಿ ಹಾಸಿಟ್ಟಿದಾರೆ ಪುಣ್ಯಾತ್ಮರು. ಈ ಸಂದಿಯಲ್ಲಿ ಬೆಕ್ಕು ನುಸುಳಬೇಕು ಅಷ್ಟೆ.”

“ರೈಲು ಒಂದ್ಸಲ ಸುತ್ತಿ ವಾಪಸ್ ಬರೋ ತನಕ ಮೇಜು ಮುಟ್ಟಲ್ಲ ಅಂತ ಇವರಿಗೆ ಮಾತು ಕೊಟ್ಟಿದೀನಿ.”

“ವರ್ಷದಿಂದ ಬರದ ರೈಲು ಇವತ್ತು ಬರುತ್ತಾ?”

“ಬರಬೇಕು.”

ಮೇಜಿನಡಿಯಿಂದ ಮಗಳು ತೆವಳಿಕೊಂಡು ಹೊರಬಂದಳು. ಕೂದಲ ತುಂಬ ಜೇಡರ ಬಲೆ. “ಅಮ್ಮ, ತಂತಿ ಒಂದೂ ಬಿಟ್ಟಿಲ್ಲ. ಎಲ್ಲಾ ಸರಿಯಾಗೇ ಇದೆ. ಇನ್ನೊಂದ್ಸಲ ನೋಡ್ತೀನಿ, ಇರು.”

ಮಗಳು ರೈಲು ಓಡಿಸುವ ಕೈಪೆಟ್ಟಿಗೆ ಎತ್ತಿಕೊಂಡಳು. ರೈಲು ಹೊರಟಿತು. ಸೇತುವೆ ದಾಟಿತು. ಕಿಟಕಿಯ ಬಳಿ ಹಳಿ ಕುಣಿಕೆಯ ಹಾಗೆ ಬಾಗಿ ಮತ್ತೆ ತನ್ನನ್ನೇ ಸೇರುವ ಜಾಗವಿತ್ತು. ರೈಲು ಅಲ್ಲಿ ತಿರುಗಿ ಮನೆಯ ಕಡೆ ಮುಖ ಮಾಡಬೇಕು. ಎಂಜಿನ್ ಕುಣಿಕೆಯಿಂದ ಮೂತಿ ಹೊರಹಾಕಿತು, ಅಷ್ಟೆ. ಟಕ್. ರೈಲು, ಸಿಗ್ನಲ್ಲು, ಬೆಂಕಿಪೊಟ್ಟಣದಷ್ಟು ಮನೆಗಳ ದೀಪ, ಎಲ್ಲ ಸತ್ತವು. ಗೋಡೆಯ ಪೆಟ್ಟಿಗೆ ಉಸಿರೆಳೆದುಕೊಂಡು ತಾನಾಗಿಯೇ ಮತ್ತೆ ಕರೆಂಟು ಬಿಟ್ಟಿತು. ರೈಲು ಬಿಕ್ಕಳಿಸಿದಂತೆ ಕೂದಲೆಳೆ ಜರುಗಿತು. ಟಕ್.

“ಥೂ, ಇದರ ಮನೆ ಹಾಳಾಗ!” ಹೆಂಡತಿ ಮೇಜನ್ನು ಗುದ್ದಿದಳು. ಪ್ಲಾಟ್‌ಫಾರ್ಮಿನ ಕೂಲಿಯೊಬ್ಬ ಅಂಗಾತ ಬಿದ್ದ.

*

ಬದುಕಿದ್ದಾಗ, ಹೆಂಡತಿ ಊಟಕ್ಕೆ ಕರೆದರೆ ಅವನಿಗೆ ಕಿವಿಯೇ ಇರುತ್ತಿರಲಿಲ್ಲ. ಒಂದು ದಿನ ಅವಳು ರೇಗಿ, ಅವನ ಮುಂದಿದ್ದ ಕೈಪೆಟ್ಟಿಗೆಯ ಕೆಂಪು ಗುಂಡಿ ಒತ್ತಿಬಿಟ್ಟಳು. ಓಡುತ್ತಿದ್ದ ರೈಲುಗಳೆಲ್ಲ ಇದ್ದಲ್ಲೇ ನಿಂತವು.

“ಯಾರೇ ಅದು ಒತ್ತಿದ್ದು?”

ಪಕ್ಕದಲ್ಲೇ ನಿಂತವಳನ್ನು ಹಾಗೆ ಕೇಳಿದ್ದ.

“ನಾನೇ. ಊಟ ಆರ್ತಿದೆ.”

“ಅದು ಅಪಾಯಕ್ಕೆ ಅಂತ ಇರೋದು ಕಣೇ!”

“ನನ್ನ ಹೊಟ್ಟೆ ಉರೀತಿದೆಯಲ್ಲ, ಅದಕ್ಕಿಂತ ಅಪಾಯ ಬೇಕಾ?”

ಅಂದಿನಿಂದ ಅದೇ ಊಟದ ಗಂಟೆಯಾಯಿತು. ಒತ್ತುವುದು, ಅವನು ಕಿರುಚುವುದು, ಗೊಣಗುತ್ತ ಎದ್ದು ಬಂದು ತಟ್ಟೆಯ ಮುಂದೆ ಕೂರುವುದು.

ಹೋದ ವರ್ಷ ಅವಳೇ ಒಂದು ಬೋಗಿ ತಂದುಕೊಟ್ಟಳು. ಊಟದ ಬೋಗಿ. ಕಿಟಕಿಗಳಲ್ಲಿ ದೀಪ, ಒಳಗೆ ಕಡಲೆಕಾಳಿನಷ್ಟು ಮೇಜು, ಸಾಸಿವೆಯಷ್ಟು ತಟ್ಟೆ. “ಇನ್ಮೇಲೆ ರೈಲಲ್ಲೇ ಉಣ್ಣಿ,” ಎಂದಿದ್ದಳು. ಅವನು ಅದನ್ನು ಬಾಲಕ್ಕೆ ಜೋಡಿಸಿದ. ರೈಲು ತಿರುಗಿ ಬರುವುದು ಅಂದಿಗೇ ನಿಂತಿತು. ಸಂಜೆಯಾದರೆ ಅವನು ಮೇಜಿನಡಿ. ತಾನಾಗಿಯೇ ನಿಂತ ರೈಲಿಗೆ ಕೆಂಪು ಗುಂಡಿ ಒತ್ತಿ ಏನು ಬಂತು? ಅವಳು ಬೇಕೆಂದೇ ಪಾತ್ರೆ ಕುಕ್ಕುತ್ತ ಒಬ್ಬಳೇ ಉಂಡಳು.

*

ಗಂಡನ ಗೆಳೆಯ ಬಂದ. ಅವನಿಗೂ ಇದೇ ಹುಚ್ಚು. ಜೇಬಿನಲ್ಲಿ ಸದಾ ಸೀಟಿ ಇಟ್ಟುಕೊಳ್ಳುತ್ತಿದ್ದುದರಿಂದ ಎಲ್ಲರೂ ಅವನನ್ನು ಗಾರ್ಡ್ ಎನ್ನುತ್ತಿದ್ದರು. ಹೊಟ್ಟೆ ಸಂದಿಯಲ್ಲಿ ತೂರದೆ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡ. ಆಮೇಲೆ ಕುಣಿಕೆಯಲ್ಲಿ ನಿಂತ ರೈಲನ್ನು ನೋಡಿದ.

“ಅತ್ತಿಗೆ, ಊಟದ ಬೋಗಿ ಸಮೇತ ಬಿಟ್ರಾ? ಬರಲ್ಲ ಅದು.”

“ಯಾಕೆ ಬರಲ್ಲ?”

“ಉದ್ದ ಜಾಸ್ತಿ. ಕುಣಿಕೆಯೊಳಗೆ ರೈಲು ಇಡಿಯಾಗಿ ಹಿಡೀಬೇಕು. ಬಾಲ ಒಳಗೆ ಬರೋ ಮೊದಲೇ ಮೂತಿ ಹೊರಗಿಟ್ರೆ ಆ ಕಡೆ ಕರೆಂಟಿಗೂ ಈ ಕಡೆ ಕರೆಂಟಿಗೂ ಜಗಳ. ಶಾರ್ಟ್. ಒಂದು ಬೋಗಿ ಕಳಚೋ ಅಂತ ಬಡ್ಕೊಂಡೆ.”

“ಇವರಿಗೆ ಗೊತ್ತಿತ್ತಾ?”

“ಮೊದಲನೇ ದಿನವೇ ಗೊತ್ತಿತ್ತು. ‘ಅವಳು ಕೊಟ್ಟಿದ್ದು, ಕಳಚಲ್ಲ’ ಅಂದ. ಬೇರೆ ಒಂದು ತೆಗಿ ಅಂದ್ರೆ, ‘ನೀಲಿ ಬೋಗಿ ಐದೂ ಒಂದೇ ಸೆಟ್ಟು, ಒಡೆಯೋದು ಪಾಪ’ ಅಂದ. ಕುಣಿಕೆನೇ ದೊಡ್ಡದು ಮಾಡ್ತೀನಿ ಅಂತ ಹಠ. ಗೋಡೆ ಅಡ್ಡ ಇದೆಯಲ್ಲೋ ಅಂದ್ರೆ, ಗೋಡೆನ ದುರುಗುಟ್ಟಿ ನೋಡ್ತಿದ್ದ.”

ಹೆಂಡತಿ ಮಂಚದ ಕಡೆ ತಿರುಗಿದಳು.

“ಹೇಳೋಕೇನು ಧಾಡಿ ನಿಮಗೆ? ಬಾಯಿಗೆ ಬೀಗ ಬಿದ್ದಿತ್ತಾ? ವರ್ಷವಿಡೀ ಒಬ್ಬಳೇ ತಟ್ಟೆ ಮುಂದೆ ಕೂತಿದ್ದೆನಲ್ರೀ!”

ಹೊರಗೆ ಗಾಡಿಯವನು ಹಾರ್ನ್ ಒತ್ತಿದ.

“ಊಟದ ಬೋಗಿ ತೆಗೆದುಬಿಡೋಣ ಅಕ್ಕ, ಅಲ್ಲಿಗೆ ಮುಗೀತು,” ಎಂದು ತಮ್ಮ ಕೈ ಚಾಚಿದ.

“ಮುಟ್ಟಿದ್ರೆ ಕೈ ಮುರೀತೀನಿ.”

ಅವಳು ಬಾಗಿ, ಅಕ್ಕಿಯಿಂದ ಕಲ್ಲು ಆರಿಸುವಂತೆ, ನಡುವಿನ ನೀಲಿ ಬೋಗಿಯೊಂದನ್ನು ಎರಡು ಬೆರಳಲ್ಲಿ ಎತ್ತಿದಳು.

“ಅಯ್ಯೋ ಅತ್ತಿಗೆ, ಸೆಟ್ಟು!” ಗಾರ್ಡ್ ಎದೆ ಹಿಡಿದುಕೊಂಡ.

“ಒಡೀಲಿ. ಪಾಪ ನನಗಿರಲಿ.” ಬೋಗಿಯನ್ನು ತಂದು ಗಂಡನ ಕೈ ಪಕ್ಕ ಇಟ್ಟಳು. “ತಗೊಳ್ಳಿ ನಿಮ್ಮ ಸೆಟ್ಟು.”

ಮಗಳು ಉಳಿದ ಬೋಗಿಗಳನ್ನು ಕೂಡಿಸಿ ರೈಲನ್ನು ಮತ್ತೆ ನಿಲ್ದಾಣಕ್ಕೆ ತಂದಿಟ್ಟಳು. ಗಾರ್ಡ್ ಅಭ್ಯಾಸಬಲದಿಂದ ಸೀಟಿ ಬಾಯಿಗಿಟ್ಟ. ಅದು ಅರ್ಧ ಊದಿ ಅರ್ಧ ಅತ್ತಿತು.

ಸೇತುವೆ. ಕುಣಿಕೆ. ಎಲ್ಲರೂ ಆ ಟಕ್‌ಗೆ ಕಾದರು. ದೀಪದ ಕಿಟಕಿಗಳು ಬಾಗುತ್ತ ಪೂರ್ತಿ ಒಳಗೆ ಬಂದವು. ಎಂಜಿನ್ ಮೂತಿ ಹೊರಗಿಟ್ಟಿತು. ಹೊರಗಿಟ್ಟೇ ಬಿಟ್ಟಿತು. ಸೇತುವೆಯನ್ನು ಈಚೆ ಕಡೆಗೆ ದಾಟಿತು.

“ಬಂತು! ಅಮ್ಮ, ನಿಲ್ದಾಣ ಬಂತು. ನಿಲ್ಲಿಸೋದು ಹೇಗೆ ಇದನ್ನ?”

ಅವಳು ಮಗಳ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡು ಕೆಂಪು ಗುಂಡಿ ಒತ್ತಿದಳು.

ರೈಲು ನಿಂತಿತು. ಊಟದ ಬೋಗಿಯ ದೀಪ ಉರಿಯುತ್ತಲೇ ಇತ್ತು. ಒಳಗಿನ ಸಾಸಿವೆಕಾಳಿನಷ್ಟು ತಟ್ಟೆಗಳು ಮಿನುಗಿದವು. ಗುಂಡಿಯ ಮೇಲಿನ ಹೆಬ್ಬೆರಳು ತೆಗೆಯದೆ ಅವಳು ಮಂಚದ ಕಡೆ ತಿರುಗಿ ಕಾದಳು. ತಮ್ಮ ಗರಗಸವನ್ನು ಬೆನ್ನ ಹಿಂದೆ ಸರಿಸಿಕೊಂಡ.