ಪಟ್ಟಿಯಲ್ಲಿ ದುರಗವ್ವನ ಹೆಸರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸವಣೂರಿನಲ್ಲಿ ಯಾರನ್ನು ಕೇಳಿದರೂ ದಸ್ತಗೀರಸಾಬನ ಬಗ್ಗೆ ಮೊದಲು ಹೇಳುವುದು ಅದನ್ನೇ. ಮೂವತ್ತೈದು ವರ್ಷ ಬ್ರಷ್ ಹಿಡಿದು ಅಂಗಡಿಗಳ ಬೋರ್ಡು ಬರೆದವನು ನಾನು. ಫ್ಲೆಕ್ಸ್ ಬಂದು ನನ್ನ ಬ್ರಷ್ಷು ಒಣಗಿತು, ಸಿಟ್ಟು ಮಾತ್ರ ಒಣಗಲಿಲ್ಲ. ನಾನು ಮನೆಯಲ್ಲಿ ಕುಳಿತು ಎಲ್ಲರ ಮೇಲೆ ರೇಗುವುದನ್ನು ನೋಡಲಾರದೆ ಮಗಳು ಕೌಸರ ತನ್ನ ಲ್ಯಾಪ್‌ಟಾಪ್ ಮುಂದಿಟ್ಟು ವೆಬ್‌ಸೈಟ್ ಕಟ್ಟುವುದನ್ನು ಕಲಿಸಿದಳು.

ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು, ಈ ನಾಲ್ಕು ತಾಲೂಕಿನವರಿಗೆಂದು ಒಂದು ಸೈಟು ಮಾಡಿದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಮೇಲ್ಗಡೆ ಹೆಸರುಗಳ ಪಟ್ಟಿ, ಅದಕ್ಕೆ ಮೆನು ಅನ್ನುತ್ತಾರೆ. ಹೆಸರು ಒತ್ತಿದರೆ ಆ ಪುಟ ತೆರೆಯುತ್ತದೆ. ಒಂದು ಸಾಲಿನಲ್ಲಿ ಆರು ಹೆಸರು ಚೆಂದ ಕೂರುತ್ತವೆ. ಬೋರ್ಡು ಬರೆಯುವವನಿಗೆ ಸಾಲು ವಾರೆಯಾದರೆ ನಿದ್ದೆ ಬರುವುದಿಲ್ಲ.

ಆ ಆರರಲ್ಲಿ ಒಂದು ದುಂಡಸಿಯ ದುರಗವ್ವನದು. ಹಳೆ ಸೀರೆ, ಧೋತರದ ತುಂಡು ಜೋಡಿಸಿ ಕೌದಿ ಹೊಲಿಯುವ ಹೆಣ್ಣುಮಗಳು. ಅವಳ ಪ್ರತಿ ಕೌದಿಯ ಮೂಲೆಗೆ ಒಂದು ಬಟ್ಟೆಯ ಚೀಟಿ ಹೊಲಿದಿರುತ್ತದೆ. ಚೀಟಿಯ ಮೇಲಿನ ಕಪ್ಪು ಚೌಕಕ್ಕೆ ಮೊಬೈಲ್ ಹಿಡಿದರೆ ಅವಳ ಪುಟ ತೆರೆಯುತ್ತದೆ, ಅಲ್ಲಿ ಅವಳ ಫೋಟೋ, ಫೋನ್ ನಂಬರು. ಚೀಟಿ ಮಾಡಿಸಿಕೊಟ್ಟವನೂ ನಾನೇ.

ಆರು ತಿಂಗಳ ಹಿಂದೆ ದೊಡ್ಡ ಬಟ್ಟೆ ಅಂಗಡಿಯವರೊಬ್ಬರು ಬಂದರು. ತಮ್ಮ ಹೆಸರು ಪಟ್ಟಿಯಲ್ಲಿರಬೇಕು, ಆದರೆ ಚಿಂದಿ ಹೊಲಿಯುವವಳ ಪಕ್ಕದಲ್ಲಿ ಬೇಡ ಎಂದರು. ನಾನು ಆಗ ಸಿಟ್ಟಿಗೇಳಬೇಕಿತ್ತು, ಏಳಲಿಲ್ಲ. ದುರಗವ್ವನ ಪುಟವನ್ನು ಪಟ್ಟಿಯಿಂದ ಅಡಗಿಸಿದೆ. ಹಾಗೆ ಅಡಗಿಸಿದರೂ ಪುಟ ಸಾಯುವುದಿಲ್ಲ, ಚೀಟಿ ಇದ್ದವರಿಗೆ ತೆರೆದೇ ತೆರೆಯುತ್ತದೆ. ಅವಳಿಗೇನು ನಷ್ಟ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳಿಗೆ ಮಾತ್ರ ಹೇಳಲಿಲ್ಲ.

ಆಮೇಲೆ ಹಿರೇಕೆರೂರಿನ ಗೋವಿನಜೋಳದ ವ್ಯಾಪಾರಿ ಯಲ್ಲಪ್ಪ ಬಂದ. ಮೇಲಿನ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಸರಿ, ಒಂದು ಪುಟ ಸಾಕು ಎಂದ. ಹೊಸ ಪುಟ ತೆರೆಯಲು ಜಾಗ ಇರಲಿಲ್ಲವೇ? ಬೇಕಾದಷ್ಟಿತ್ತು. ಆದರೆ ಹಾಳು ಕೈರೂಢಿ! ಹಳೆ ಬೋರ್ಡಿಗೆ ಬಿಳಿ ಬಣ್ಣ ಬಳಿದು ಅದರ ಮೇಲೆಯೇ ಹೊಸ ಹೆಸರು ಬರೆಯುವುದು ನನ್ನ ಕಸುಬು. ಸೈಟು ತಿದ್ದುವ ಪರದೆಯ ಎಡಗಡೆ ಅಡಗಿ ಕುಳಿತಿದ್ದ ದುರಗವ್ವನ ಪುಟ ನನ್ನ ಕಣ್ಣಿಗೆ ಮೂಲೆಗೆ ಆನಿಸಿಟ್ಟ ಹಳೆ ಬೋರ್ಡಿನಂತೆ ಕಂಡಿತು. ಅವಳ ಫೋಟೋ ತೆಗೆದೆ, ಯಲ್ಲಪ್ಪನ ಜೋಳದ ಚೀಲ ಹಾಕಿದೆ, ನಂಬರು ಬದಲಿಸಿದೆ. ಚೀಟಿಗಳ ನೆನಪೇ ಆಗಲಿಲ್ಲ.

ತಿಂಗಳು ಕಳೆದ ಮೇಲೆ ಯಲ್ಲಪ್ಪ ಹರಿಹಾಯುತ್ತ ಬಂದ. ದಿನಾ ಯಾರೋ ಹೆಂಗಸರು ಫೋನ್ ಮಾಡಿ ಕೌದಿ ಕೇಳುತ್ತಾರಂತೆ. ಇಲ್ಲಿ ಕೌದಿ ಇಲ್ಲ, ಎಲ್ಲೂ ಇಲ್ಲ ಎಂದು ಹೇಳಿ ಹೇಳಿ ಅವನ ಗಂಟಲು ಹೋಗಿತ್ತಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ನಾನು ಮೊದಲು ಕೌಸರಳ ಮೇಲೆ ರೇಗಿದೆ. ಅವಳು ಪುಟದ ವಿಳಾಸ ತೋರಿಸಿದಳು. ಮೇಲೆ ಬಳಿದದ್ದಷ್ಟೇ ಹೊಸದು, ಕೆಳಗಿನ ವಿಳಾಸ ದುರಗವ್ವನದೇ.

ಅಲ್ಲೇ ಕುಳಿತು ಯಲ್ಲಪ್ಪನಿಗೆ ಬೇರೆ ಪುಟ ಮಾಡಿದೆ, ದುರಗವ್ವನ ಪುಟ ಮೊದಲಿನಂತೆ ಮಾಡಿದೆ. ಫೋನ್ ಮಾಡಿದವರ ನಂಬರುಗಳನ್ನೆಲ್ಲ ಯಲ್ಲಪ್ಪನ ಮೊಬೈಲಿನಿಂದ ಬರೆದುಕೊಂಡು ಶಿಗ್ಗಾಂವಿಗೆ ಹೋಗಿ, ಅಲ್ಲಿಂದ ದುಂಡಸಿ ಬಸ್ಸು ಹತ್ತಿದೆ.

ದುರಗವ್ವ ಬಟ್ಟೆಯ ತುಂಡುಗಳನ್ನೆಲ್ಲ ಗಂಟು ಕಟ್ಟುತ್ತಿದ್ದಳು. ಅರ್ಧ ಹೊಲಿದ ಕೌದಿ ಮೂಲೆಯಲ್ಲಿ ಬಿದ್ದಿತ್ತು. ಗಂಟು ಯಾಕೆಂದು ಕೇಳಿದೆ. ಯಾರಿಗಾದರೂ ಕೊಟ್ಟುಬಿಡುತ್ತೇನೆ, ನಾಳೆಯಿಂದ ಕೂಲಿಗೆ ಹೋಗುತ್ತೇನೆ ಎಂದಳು.

"ತಿಂಗಳಾತ್ರಿ ಸಾಬ್ರ, ಒಂದು ಫೋನ್ ಇಲ್ಲ. ನನ್ನ ಕೈ ಕೆಟ್ಟೈತಿ, ಮಂದಿಗೆ ನನ್ನ ಕೌದಿ ಬ್ಯಾಡಾಗ್ಯಾವು."

ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಿನ್ನ ಕೈ ಕೆಟ್ಟಿಲ್ಲ ಅಕ್ಕ. ಕೆಟ್ಟಿದ್ದು ನನ್ನ ಕೈ" ಎಂದೆ. ಒಂದನ್ನೂ ಮುಚ್ಚಿಡಲಿಲ್ಲ. ಯಲ್ಲಪ್ಪನ ಕಥೆ ಹೇಳಿದೆ, ಬಟ್ಟೆ ಅಂಗಡಿಯವರ ಮಾತು ಕೇಳಿ ಹೆಸರು ಅಡಗಿಸಿದ್ದನ್ನೂ ಹೇಳಿದೆ. ನಂಬರುಗಳ ಹಾಳೆ ಅವಳ ಮುಂದಿಟ್ಟೆ.

ಅವಳು ಹಾಳೆಯನ್ನು ಕೈಗೆತ್ತಿಕೊಂಡಳು. ಓದಲು ಬಾರದು, ಆದರೂ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕೆಳಗಿನವರೆಗೂ ಹೋದಳು. ಇಷ್ಟೂ ಜನ ತನ್ನನ್ನೇ ಕೇಳಿದರೇ ಎಂದಳು. ಹೌದೆಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ನೀವು ಮಂದಿ ಹೆಸ್ರು ಬರಿಯೋರು. ನನ್ನ ಹೆಸ್ರು ಅಳಸಾಕ ನಿಮಗ ಕೈ ಹೆಂಗ ಬಂತ್ರಿ?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಅಷ್ಟು ಮೆತ್ತಗೆ ಬೈದಿರಲಿಲ್ಲ.

ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಅವಳೆದುರಿಗೇ ಪಟ್ಟಿ ಬಿಚ್ಚಿದೆ. ಅವಳ ಹೆಸರನ್ನು ಎಳೆದು ಎಲ್ಲಕ್ಕಿಂತ ಮೊದಲು ಇಟ್ಟೆ, ಬಟ್ಟೆ ಅಂಗಡಿಯವರ ಪಕ್ಕದಲ್ಲೇ. ಬೇಕಿದ್ದರೆ ಇರಲಿ, ಬೇಡವಾದರೆ ಹೋಗಲಿ. ಸಾಲಿನಲ್ಲಿ ಏಳು ಹೆಸರಾಗಿ ಒಂದು ಕೆಳಗೆ ಜಾರಿತು. ಸಾಲಿನಲ್ಲಿ ನನ್ನದೂ ಒಂದು ಹೆಸರಿತ್ತು, 'ಪೇಂಟರ್ ದಸ್ತಗೀರಸಾಬ' ಎಂದು, ಕೋಟು ತೊಟ್ಟ ಫೋಟೋ ಇದ್ದ ಪುಟದ್ದು. ಅದನ್ನು ತೆಗೆಯಲು ಹೋದೆ. ಯಾರದು ತೆಗೆಯುತ್ತಿದ್ದೀರಿ ಎಂದು ಕೇಳಿದಳು. ನನ್ನದು ಎಂದೆ.

"ತಗೀಬ್ಯಾಡ್ರಿ. ಕೌದ್ಯಾಗ ಯಾವ ತುಂಡೂ ಹೆಚ್ಚಾಗೂದಿಲ್ಲ. ಎಲ್ಲ್ಯಾರ ಕುಂದ್ರಸ್ರಿ."

ಅಷ್ಟು ಹೇಳಿ ಒಳಗೆ ಹೋಗಿ ರೊಟ್ಟಿ ತಂದಳು. ಮೂಲೆಯಲ್ಲಿದ್ದ ಕೌದಿಯನ್ನು ತೊಡೆಯ ಮೇಲೆಳೆದುಕೊಂಡು, ರೊಟ್ಟಿಯ ಒಂದು ಚೂರು ಮುರಿದು ಮಡಿಕೆಯೊಳಗಿಟ್ಟು ಹೊಲಿಯತೊಡಗಿದಳು. ಕೌದಿಯ ಹೊಟ್ಟೆಯನ್ನು ಖಾಲಿ ಬಿಟ್ಟು ಹೊಲಿಯಬಾರದೆಂಬುದು ಅವಳ ಅವ್ವನ ಕಾಲದಿಂದ ಬಂದ ಪದ್ಧತಿ. ಉಳಿದ ರೊಟ್ಟಿಯನ್ನು ನನ್ನ ಕಡೆ ಸರಿಸಿದಳು.

ತಿದ್ದುವಾಗ ಪಟ್ಟಿಯ ಹೆಸರುಗಳು ಒಂದರ ಕೆಳಗೊಂದು ಕಾಣುತ್ತವೆ. ಒಂದು ಹೆಸರನ್ನು ಇನ್ನೊಂದರ ಕೆಳಗಿಟ್ಟು ತುಸು ಬಲಕ್ಕೆ ಎಳೆದರೆ ಅದು ಮೇಲಿನ ಹೆಸರಿನ ಅಡಿಯಲ್ಲಿ ಸೇರಿಕೊಳ್ಳುತ್ತದೆ. ಹಾಗೆ ನನ್ನ ಹೆಸರನ್ನು ದುರಗವ್ವನ ಹೆಸರಿನ ಅಡಿಯಲ್ಲಿ ಕೂರಿಸಿದೆ. ಸಾಲು ನೆಟ್ಟಗಾಯಿತು. ಈಗಲೂ ಹಾಗೇ ಇದೆ, ಮೊದಲು ಅವಳ ಹೆಸರು ಒತ್ತಿದವರಿಗೆ ಮಾತ್ರ ನನ್ನದು ಕಾಣುತ್ತದೆ.