ಊಟಕ್ಕೆ ಎಷ್ಟು ಜನ

"ಅಕ್ಕೋರೆ, ನಿಮ್ಮದೇ ಅಂಟಿಸಿಲ್ಲವಲ್ಲ," ಎಂದ ಎರ್ನಿಸ್, ಗೋಂದು ಮೆತ್ತಿದ ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತ.

ಅನಾರ್‌ಕುಲ್ ಗೋಡೆಯ ಕಡೆ ನೋಡಿದಳು. ರಜೆಗೆ ಮುಂಚಿನ ಕೊನೆಯ ದಿನ. ಮೂರನೆಯ ತರಗತಿಯ ಒಂಬತ್ತು ಮಕ್ಕಳಿಗೆ ಅವಳು ಕೊಟ್ಟಿದ್ದು ಸುಲಭದ ಲೆಕ್ಕ. ಹೊಸ ವರ್ಷದ ರಾತ್ರಿ ಮನೆಯಲ್ಲಿ ಊಟಕ್ಕೆ ಎಷ್ಟು ಜನ ಕೂರುತ್ತಾರೋ ಅಷ್ಟು ಬಣ್ಣದ ಚೌಕಗಳನ್ನು ತಮ್ಮ ಹೆಸರಿನ ಮೇಲೆ ಅಂಟಿಸಬೇಕು, ಆಮೇಲೆ ಎಲ್ಲವನ್ನೂ ಕೂಡಿಸಬೇಕು. ಎರ್ನಿಸನ ಸಾಲು ಹನ್ನೆರಡು ಚೌಕಗಳಷ್ಟು ಎತ್ತರ ಬೆಳೆದು ಕಿಟಕಿಯ ಚೌಕಟ್ಟು ಮುಟ್ಟಿತ್ತು. "ಅಂದಾಜು ಬೇಡ, ಎಣಿಸಿದ್ದನ್ನೇ ಅಂಟಿಸಬೇಕು," ಎಂದು ಬೆಳಿಗ್ಗೆ ಅವಳೇ ಕಟ್ಟುನಿಟ್ಟಾಗಿ ಹೇಳಿದ್ದಳು.

"ನಿಮ್ಮ ಮನೇಲಿ ಯಾರ್ಯಾರು ಅಕ್ಕೋರೆ?"

"ಅಪ್ಪ, ಅಮ್ಮ, ತಂಗಿ, ನಾನು," ಎಂದಳು. ನಾಲ್ಕು ನೀಲಿ ಚೌಕಗಳನ್ನು ಒಂದರ ಮೇಲೊಂದು ಒತ್ತಿದಳು.

ಅಪ್ಪ ಅಮ್ಮ ದಕ್ಷಿಣದಲ್ಲಿ, ಓಶ್ ನಗರದಲ್ಲಿದ್ದರು. ಅವಳು ಗಂಡನನ್ನು ಬಿಟ್ಟು ಈ ನಾರಿನ್ ಕಡೆಯ ಬೆಟ್ಟದ ಹಳ್ಳಿಗೆ ಕೆಲಸಕ್ಕೆ ಬಂದು ಎರಡು ವರ್ಷ ದಾಟಿತ್ತು. ಮೊನ್ನೆ ಫೋನಿನಲ್ಲಿ ಅಮ್ಮ, "ಈ ಸಲ ತಂಗಿಯ ಅತ್ತೆ ಮನೆಯವರು ಬರ್ತಾರೆ. ನೀನು ಬಂದರೆ ಅವರು ಕೇಳೋದು, ನಾವು ಹೇಳೋದು... ಬೇಡ ಬಿಡು. ಅಲ್ಲಿ ಹಿಮವೂ ಜಾಸ್ತಿಯಂತೆ," ಎಂದಿದ್ದಳು. ಕಣಿವೆಯ ದಾರಿ ತೆರೆದೇ ಇತ್ತು. ದಾರಿ ಮುಚ್ಚಿದೆ ಎಂದು ಅನಾರ್‌ಕುಲಳೇ ಅಮ್ಮನಿಗೆ ಹೇಳಿಬಿಟ್ಟಿದ್ದಳು.

ಮೊತ್ತ ಎಪ್ಪತ್ತಾರು ಬಂತು. ಎರ್ನಿಸ್ ಅದನ್ನು ಬೋರ್ಡಿನ ಮೇಲೆ ಕುರಿಮರಿಯಷ್ಟು ದಪ್ಪಗೆ ಬರೆದ. ಆಮೇಲೆ ಬರವಣಿಗೆ. ಹೊಸ ವರ್ಷದಲ್ಲಿ ನಾನು ಮಾಡುವ ಒಂದು ಕೆಲಸ. ಒಲೆಗೆ ಕಲ್ಲಿದ್ದಲು ಸುರಿದು ಅವಳು ಒಂದೊಂದೇ ಹಾಳೆ ನೋಡುತ್ತ ಬಂದಳು. ಕುದುರೆ ಹತ್ತುತ್ತೇನೆ, ಏಳರ ಮಗ್ಗಿ ಕಲಿಯುತ್ತೇನೆ, ತಮ್ಮನಿಗೆ ಹೊಡೆಯುವುದಿಲ್ಲ.

ನೂರ್ಜಿದಾಳ ಹಾಳೆಯಲ್ಲಿ ಅಕ್ಷರಗಳು ಪುಟ್ಟವಾಗಿದ್ದವು. "ಹೊಸ ವರ್ಷದಲ್ಲಿ ಸುಳ್ಳು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಏಳು ಜನ ಇಲ್ಲ. ಅಜ್ಜ, ನಾನು ಅಷ್ಟೇ. ಎಲ್ಲರದೂ ಉದ್ದ ಇತ್ತು, ಅದಕ್ಕೆ. ಯಾರಿಗೂ ಹೇಳಬೇಡಿ."

ಅನಾರ್‌ಕುಲ್ ಅದನ್ನು ಎರಡು ಸಲ ಓದಿದಳು. ಕೆಂಪು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಕೊನೆಯ ಬೆಂಚಿನಲ್ಲಿ ಹುಡುಗಿ ತಲೆ ತಗ್ಗಿಸಿ ಕಿತ್ತಳೆ ಸಿಪ್ಪೆಯನ್ನು ಚೂರು ಚೂರು ಮಾಡುತ್ತಿದ್ದಳು.

"ಒಂದು ಲೆಕ್ಕ ತಪ್ಪಾಗಿದೆ," ಎಂದಳು ಅನಾರ್‌ಕುಲ್. ನೂರ್ಜಿದಾಳ ಕೈ ನಿಂತಿತು. "ನನ್ನದು."

ಗೋಡೆಯ ಹತ್ತಿರ ಹೋಗಿ ಮೂರು ನೀಲಿ ಚೌಕಗಳನ್ನು ಉಗುರಿನಿಂದ ಎಬ್ಬಿಸಿದಳು. ಗೋಂದು ಒಣಗಿತ್ತು, ಸುಣ್ಣವೂ ಕಿತ್ತುಬಂತು. "ನಾನು ಊರಿಗೆ ಹೋಗ್ತಿಲ್ಲ. ನಮ್ಮನೇಲಿ ಊಟಕ್ಕೆ ಕೂರೋದು ನಾನೊಬ್ಬಳೇ."

ಒಂಬತ್ತು ಜೊತೆ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಬೆನ್ನು ತಿರುಗಿಸಿ ಹೊರಗೆ ಹೋಗಿಬಿಡಬೇಕು ಅನ್ನಿಸಿತು.

"ಹಂಗಾದ್ರೆ ಎಪ್ಪತ್ತಮೂರು," ಎಂದ ಎರ್ನಿಸ್. ಎದ್ದು ಹೋಗಿ ಬೋರ್ಡು ಒರೆಸಿದ. ಯಾರೂ ನಗಲಿಲ್ಲ.

ಗಂಟೆ ಹೊಡೆದ ಮೇಲೆ ನೂರ್ಜಿದಾ ಬೂಟಿನ ದಾರ ಕಟ್ಟುತ್ತ ಬಹಳ ಹೊತ್ತು ಕೂತಳು.

"ಒಬ್ಬರಿಗೋಸ್ಕರ ಅಡುಗೆ ಮಾಡ್ತೀರಾ ಅಕ್ಕೋರೆ?"

"ಮಾಡ್ತೀನಿ. ಆಲೂಗಡ್ಡೆ ಹುರ್ಕೊಳ್ತೀನಿ."

"ಅಜ್ಜನಿಗೆ ಕಣ್ಣು ಕಾಣಲ್ಲ. ನಾವು ಬೇಗ ಮಲಗಿಬಿಡ್ತೀವಿ." ಇನ್ನೊಂದು ಬೂಟಿಗೆ ಕೈ ಹಾಕಿದಳು. "ಬರೋದಾದ್ರೆ ಬೆಳಕಿರುವಾಗಲೇ ಬನ್ನಿ. ನಾಯಿ ಕಟ್ಟಿರ್ತೀನಿ."

ಬರುತ್ತೇನೆ ಎಂದು ಅನಾರ್‌ಕುಲ್ ಹೇಳಲಿಲ್ಲ. ಎರಡು ದಿನ ಕೋಣೆಯಲ್ಲೇ ಕಳೆದಳು. ಮೂವತ್ತೊಂದರ ಮಧ್ಯಾಹ್ನ ಫೋನಿನಲ್ಲಿ ತಂಗಿಯಿಂದ ಅಪ್ಪನ ಮನೆಯ ಫೋಟೋ ಬಂತು. ಉದ್ದ ಊಟದ ಹಾಸು, ಹೊಸ ಬಟ್ಟೆ ತೊಟ್ಟ ಜನ. ಯಾರೋ ಒಬ್ಬರು ಎದ್ದು ಫೋಟೋ ತೆಗೆದಿದ್ದರು, ಅವರ ಜಾಗ ಮಾತ್ರ ಬರಿದಾಗಿತ್ತು. ಅವಳು ಫೋನು ಮಗುಚಿಟ್ಟು, ಕೋಟು ತೊಟ್ಟು, ಒಂದು ಪೊಟ್ಟಣ ಬಿಸ್ಕತ್ತು ಹಿಡಿದು ಹೊರಟಳು.

ಊರಾಚೆಯ ಮನೆ. ನಾಯಿ ಕಟ್ಟಿತ್ತು. ಅವಳು ಬಾಗಿಲು ತಳ್ಳಿದಾಗ ನೂರ್ಜಿದಾ ಬಾಣಲೆಯ ಮುಂದೆ ನಿಂತಿದ್ದಳು, ಕೈಯಲ್ಲಿ ಜರಡಿ ಸೌಟು, ಮೂಗಿನ ಮೇಲೆ ಹಿಟ್ಟು.

"ಯಾರು ಬಂದ್ರು?" ಒಳಗಿನಿಂದ ಮುದುಕನ ದನಿ.

"ನಮ್ಮ ಅಕ್ಕೋರು, ಅಜ್ಜ."

"ಬಾಗಿಲು ಹಾಕ್ಕೊಂಡು ಬಾ ಮಗಳೇ, ಬಿಸಿ ಹೋಗ್ತದೆ. ಬಾ, ಇಲ್ಲಿ ಕೂತ್ಕೋ."

ಅವಳು ಹೊಸ್ತಿಲ ಬಳಿ ಬೂಟು ಕಳಚುತ್ತಿದ್ದಳು. ಮುದುಕ ಒಂದಿಷ್ಟು ಸರಿದು ಜಾಗ ಮಾಡಿ, ಯಾರೂ ಇಲ್ಲದ ಕಡೆಗೆ ಮುಖ ತಿರುಗಿಸಿ, ಉಣ್ಣೆಯ ಕಂಬಳಿಯನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತಲೇ ಇದ್ದ.