ಕಿಡಿಯಣ್ಣನ ಹೊತ್ತು

ಆಸ್ಪತ್ರೆಗಳಿಗೆ ಕಬ್ಬಿಣದ ಮಂಚ ಮಾಡುವ ಆ ಕಾರ್ಖಾನೆಗೆ ಕೆಲಸದ ಲೆಕ್ಕ ಇಡುವ ಸಾಫ್ಟ್‌ವೇರ್ ಬಂದು ವರ್ಷವಾಗಿತ್ತು. ಅದನ್ನು ಬಳಸುತ್ತಿದ್ದವರು ಮಾತ್ರ ಇಬ್ಬರೇ: ಲೆಕ್ಕಪತ್ರ ನೋಡುವಾಕೆ ಮತ್ತು ಅದನ್ನು ಕೊಂಡುತಂದ ಮಾಲೀಕರು. ಉಳಿದವರ ಪಾಲಿಗೆ ಅದು ಉಡುಗೊರೆ ಬಂದ ಗಾಜಿನ ಬಟ್ಟಲಿನ ಹಾಗೆ, ಇದೆ ಎಂಬುದು ಗೊತ್ತು, ಮುಟ್ಟುವವರಿಲ್ಲ. ಹಾಕಿದ ದುಡ್ಡು ನೀರಲ್ಲಿ ಹೋಮವಾಯಿತು ಎಂದು ಹಲುಬಿ ಹಲುಬಿ, ಕೊನೆಗೆ ಮಾಲೀಕರು ಎಲ್ಲರಿಗೂ ಅದನ್ನು ರೂಢಿ ಮಾಡಿಸುವ ಹೊಣೆಯನ್ನು ಕಚೇರಿಯ ಮೇಲ್ವಿಚಾರಣೆ ನೋಡುವ ಪುಟ್ಟಿಗೆ ವಹಿಸಿದರು.

ಪುಟ್ಟಿ ಅನ್ನುವುದು ಮನೆಯವರು ಕರೆಯುವ ಹೆಸರು. ಕಾರ್ಖಾನೆಯಲ್ಲಿ ಅವಳು ಮೇಡಂ. ಬೆಸುಗೆ ವಿಭಾಗದ ಮೇಸ್ತ್ರಿ ಅವಳ ಸೋದರಮಾವ. ಗೇಟಿನೊಳಗೆ ಕಾಲಿಟ್ಟ ಮೇಲೆ ಅವನೂ ಅವಳನ್ನು ಮೇಡಂ ಎಂದೇ ಕರೆಯುತ್ತಿದ್ದ. ಆ ಮಾತಿನಲ್ಲಿ ಒಂದಿಷ್ಟು ತಮಾಷೆ, ಒಂದಿಷ್ಟು ಹೆಮ್ಮೆ.

ಅವಳು ಭಾಷಣ ಮಾಡಲು ಹೋಗಲಿಲ್ಲ. ಕಂಪ್ಯೂಟರ್ ಪರದೆಯ ಮೇಲಿದ್ದ ಬೇಡದ ಖಾನೆಗಳನ್ನೆಲ್ಲ ತೆಗೆಸಿ, ಯಾವ ಮಂಚ, ಯಾರ ಕೆಲಸ, ಎಷ್ಟು ಹೊತ್ತು, ಇಷ್ಟನ್ನೇ ಉಳಿಸಿದಳು. ಕಚೇರಿಯ ಮೇಜಿನ ಮೇಲಿದ್ದ ಪರದೆಗಳನ್ನು ಕೆಲಸದ ಜಾಗಕ್ಕೇ ಒಯ್ದು ಗೋಡೆಗೆ ಹಾಕಿಸಿದಳು. ಒಬ್ಬೊಬ್ಬರ ಪಕ್ಕದಲ್ಲೂ ಸ್ಟೂಲ್ ಎಳೆದುಕೊಂಡು ಕೂತಳು. ಈ ವಯಸ್ಸಲ್ಲಿ ಮತ್ತೆ ಅಆಇಈ ತಿದ್ದಬೇಕಾ ಎಂದು ಬಣ್ಣ ಹೊಡೆಯುವವನು ಗೊಣಗಿದ್ದ. ಡಬ್ಬ ಬರಿದಾಗುವ ಮೊದಲೇ ಬಣ್ಣ ತರಿಸಿ ಎಂದು ಪರದೆಯೇ ಎಚ್ಚರಿಸಿದ ದಿನದಿಂದ ಉಳಿದವರಿಗೆ ಪಾಠ ಹೇಳತೊಡಗಿದವನೂ ಅವನೇ. ಕೊಳವೆ ಕತ್ತರಿಸುವಲ್ಲಿ ತುಂಡು ಪೋಲಾಗುವುದು ಕಡಿಮೆಯಾಯಿತು. ಮಂಚಗಳು ಹೇಳಿದ ದಿನಕ್ಕೆ ಆಸ್ಪತ್ರೆ ಸೇರಿದವು. ಮಾಲೀಕರ ಮುಖದಲ್ಲಿ ನಗು ಕಾಣಿಸಿಕೊಂಡಿತು.

ಬೆಸುಗೆ ವಿಭಾಗವೊಂದೇ ಹಟ ಹಿಡಿದು ನಿಂತಿತು. ಅಲ್ಲಿ ಇದ್ದವರು ಮಾವ ಮತ್ತು ಅವನ ಹಳೆಯ ಜೊತೆಗಾರ ಕಿಡಿಯಣ್ಣ. ಕಿಡಿಗಳ ನಡುವೆಯೇ ತಲೆ ನರೆತದ್ದರಿಂದ ಅವನಿಗೆ ಆ ಹೆಸರು. ಏನನ್ನೂ ತುಂಬಿಸಿಲ್ಲವಲ್ಲ ಎಂದು ಕೇಳಿದಾಗಲೆಲ್ಲ ಮಾವ ಮರೆತೆ ಎನ್ನುತ್ತಿದ್ದ, ಕೈಯೆಲ್ಲ ಮಸಿ ಎನ್ನುತ್ತಿದ್ದ, ಕಣ್ಣು ಉರಿ ಎನ್ನುತ್ತಿದ್ದ. ಪುಟ್ಟಿ ಪಟ್ಟು ಬಿಡಲಿಲ್ಲ. ಸ್ವಂತ ಮಾವನಿಗೇ ವಿನಾಯಿತಿ ಕೊಟ್ಟರೆ ಬೇರೆಯವರು ಆಡಿಕೊಳ್ಳುತ್ತಾರೆಂಬ ಅಳುಕು ಅವಳಿಗೆ. ಕಡೆಗೂ ಮಾವ ತುಂಬಿಸಲು ಶುರುಮಾಡಿದ. ಅವಳು ಖುಷಿಪಟ್ಟು ಎಲ್ಲರೆದುರು ಹೊಗಳಿದಳು ಕೂಡ. ಆಮೇಲೆ ಕೂತು ನೋಡಿದರೆ, ಪ್ರತಿ ಮಂಚಕ್ಕೂ ಇಬ್ಬರ ಹೆಸರಿನ ಮುಂದೆ ಒಂದೇ ಹೊತ್ತು. ಒಂದು ನಿಮಿಷ ಅತ್ತಿತ್ತ ಇಲ್ಲ.

ಊಟದ ಬಿಡುವಿನಲ್ಲಿ ಅವಳು ಮಾವನನ್ನು ಕಚೇರಿಗೆ ಕರೆಸಿದಳು. ಅವನು ಕೂರಲಿಲ್ಲ.

"ಇಬ್ರೂ ಸೇರಿ ಮಾಡೋ ಕೆಲಸ. ಅರ್ಧ ಅವನದು, ಅರ್ಧ ನಂದು. ತಪ್ಪೇನಿದೆ?" ಎಂದ.

"ಹಾಗಲ್ಲ ಮಾವ. ಯಾರು ಎಷ್ಟು ಹೊತ್ತಲ್ಲಿ ಏನು ಮುಗಿಸಿದ್ರು ಅಂತ ಇದ್ದದ್ದು ಇದ್ದ ಹಾಗೆ ಹಾಕ್ಬೇಕು. ಸುಳ್ಳು ತುಂಬಿಸಿದ್ರೆ ಇದು ಇದ್ದೂ ಇಲ್ಲದ ಹಾಗೆ."

ಮಾವ ಕಿಟಕಿಯ ಆಚೆ, ಕಿಡಿಯಣ್ಣ ಒಬ್ಬನೇ ಬುತ್ತಿ ಬಿಚ್ಚುತ್ತಿದ್ದ ಕಡೆ ನೋಡಿದ. "ನಿಜಾನೇ ಬೇಕಾ ನಿನಗೆ?"

"ನಿಜಾನೇ ಬೇಕು."

ಅವನು ತಲೆಯಾಡಿಸಿ ಹೊರಟುಹೋದ. ಅವನು ಯಾಕೆ ಹಾಗೆ ಕೇಳಿದ ಎಂದು ಅವಳು ಆಗಲೇ ಹಿಂದೆ ಹೋಗಿ ವಿಚಾರಿಸಬಹುದಿತ್ತು. ಮಧ್ಯಾಹ್ನಕ್ಕೆ ಇನ್ನೊಂದು ಕೆಲಸ ಕಾದಿತ್ತು, ಹೋಗಲಿಲ್ಲ. ಮರುದಿನದಿಂದ ಮಾವ ಇದ್ದದ್ದನ್ನು ಇದ್ದ ಹಾಗೆ ತುಂಬಿಸತೊಡಗಿದ.

ಮುಂದಿನ ತಿಂಗಳ ಸಭೆಯಲ್ಲಿ ಮಾಲೀಕರು ಮೊದಲು ಅವಳಿಗೆ ಚಪ್ಪಾಳೆ ತಟ್ಟಿಸಿದರು. ಈಗ ಸಾಫ್ಟ್‌ವೇರ್ ಮುಟ್ಟದವರು ಒಬ್ಬರೂ ಇಲ್ಲ, ಲಾಭವೂ ಕಣ್ಣಿಗೆ ಕಾಣುತ್ತಿದೆ ಎಂದರು. ಎಲ್ಲರೂ ಎದ್ದುಹೋದ ಮೇಲೆ ಅವಳನ್ನು ಮಾತ್ರ ನಿಲ್ಲಿಸಿ, ಪರದೆಯ ಮೇಲೆ ಬೆಸುಗೆ ವಿಭಾಗದ ಇಬ್ಬರು ಮುಗಿಸಿದ ಕೆಲಸದ ಎರಡು ಪಟ್ಟಿಗಳನ್ನು ತೋರಿಸಿದರು. ಮಾವನದು ಉದ್ದಕ್ಕಿತ್ತು. ಕಿಡಿಯಣ್ಣನದು ಗಿಡ್ಡಗಿತ್ತು. ಮಾವ ಒಬ್ಬನೇ ಒಂದೂವರೆ ಆಳಿನ ಕೆಲಸ ಎಳೆಯುತ್ತಿದ್ದ ಎಂಬುದು ಚಿಕ್ಕ ಮಕ್ಕಳಿಗೂ ತಿಳಿಯುವಂತಿತ್ತು.

ಇನ್ನೊಬ್ಬರನ್ನು ತಗೊಳ್ಳೋಣ, ಕಿಡಿಯಣ್ಣನನ್ನು ಮರ್ಯಾದೆಯಿಂದಲೇ ಕಳಿಸೋಣ, ಕೊಡಬೇಕಾದ್ದೆಲ್ಲ ಕೊಡೋಣ ಎಂದರು ಮಾಲೀಕರು. ಅವರು ಕಟುಕರಲ್ಲ. ಒಂದೇ ತಿಂಗಳ ಅಂಕಿ ನಂಬಿ ಹೀಗೆ ಮಾಡಬಹುದಾ ಎಂದು ಅವಳು ಮೆಲ್ಲಗೆ ಕೇಳಿದಳು.

"ಇದು ಸುಳ್ಳು ಹೇಳಲ್ಲ ಅಂತ ನೀನೇ ತಾನೇ ಹೇಳಿದ್ದು?"

ಕಿಡಿಯಣ್ಣನನ್ನು ಬೆಸುಗೆಯ ಪರೀಕ್ಷೆಗೆ ಹಾಕಬಹುದು, ಹೊಸಬರಿಗೆ ಕಲಿಸಲು ಇಟ್ಟುಕೊಳ್ಳಬಹುದು, ಇವೆಲ್ಲ ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೆ ಮಾಲೀಕರ ಮುಂದೆ ಸುಮ್ಮನಿದ್ದದ್ದು ಹೊಳೆಯದೆ ಅಲ್ಲ, ಆಗಷ್ಟೇ ಬಿದ್ದ ಚಪ್ಪಾಳೆ ಕಿವಿಯಲ್ಲಿ ಇನ್ನೂ ಹಿತವಾಗಿತ್ತು ಎಂಬುದನ್ನು ಒಪ್ಪಿಕೊಳ್ಳಲು ಅವಳಿಗೆ ಬಹಳ ಕಾಲ ಹಿಡಿಯಿತು.

ಹೊರಡುವ ದಿನ ಕಿಡಿಯಣ್ಣ ತನ್ನ ಕೈಗವಸು, ಮುಖಕ್ಕೆ ಹಿಡಿಯುವ ಗಾಜು ಒಪ್ಪಿಸಲು ಬಂದ. ಅವನ್ನು ಮೇಜಿನ ಮೇಲಿಡುವಾಗ ಗಾಜು ಕಟಕಟ ಎಂದಿತು. ಅವನು ಇನ್ನೊಂದು ಕೈಯಿಂದ ಅದನ್ನು ಅದುಮಿ ಹಿಡಿದ.

"ಕೈ ನಡುಗೋದು ನನ್ನ ಹೆಂಡತಿಗೂ ಗೊತ್ತಿರಲಿಲ್ಲ ಮೇಡಂ. ನಿಮ್ಮ ಯಂತ್ರಕ್ಕೆ ಗೊತ್ತಾಯ್ತು ನೋಡಿ," ಎಂದು ನಕ್ಕ. ಆ ನಗೆಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

ಆ ಭಾನುವಾರ ಅವಳು ಮಾವನ ಮನೆಗೆ ಹೋದಳು. ಅತ್ತೆ ಬಾಗಿಲು ತೆರೆದು, ಒಳಗೆ ಬಾ ಎಂದು, ಒಲೆಯ ಮೇಲೆ ಏನೋ ಇದೆ ಎಂದು ಅಡುಗೆಮನೆಗೆ ಸರಿದುಕೊಂಡಳು. ಮಾವ ಕಿತ್ತುಹೋದ ಚಪ್ಪಲಿಯ ಬಾರು ಹೊಲಿಯುತ್ತ ಕೂತಿದ್ದ. ತಲೆ ಎತ್ತದೆಯೇ ಹಳೆಯ ಕಥೆ ಹೇಳಿದ. ಹಿಂದೊಮ್ಮೆ ಮಂಚದ ಚೌಕಟ್ಟು ಬಿದ್ದು ಅವನ ಕಾಲು ಮುರಿದು, ವಾಸಿಯಾಗುವ ಮೊದಲೇ ಕುಂಟುತ್ತ ಕೆಲಸಕ್ಕೆ ಬಂದಿದ್ದನಂತೆ. ಅವನನ್ನು ಮೂಲೆಯಲ್ಲಿ ಕೂರಿಸಿ, ಮಳೆಗಾಲ ಪೂರ್ತಿ ಇಬ್ಬರ ಪಾಲಿನದನ್ನೂ ಮಾಡಿ, ಇಬ್ಬರೂ ಮಾಡಿದೆವು ಎಂದು ಹೇಳುತ್ತ ಬಂದವನು ಕಿಡಿಯಣ್ಣ.

"ಇದನ್ನ ನನಗೆ ಮೊದಲೇ ಹೇಳಬಾರದಿತ್ತಾ ಮಾವ?"

ಮಾವ ದಾರ ಎಳೆದು ಗಂಟು ಹಾಕಿದ. "ಪುಟ್ಟಿಗೆ ಹೇಳೋಣ ಅಂತಲೇ ಬಂದಿದ್ದೆ ಅವತ್ತು. ಅಲ್ಲಿ ಮೇಡಂ ಕೂತಿದ್ದರು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಊಟ ಮಾಡಿಕೊಂಡು ಹೋಗು ಎಂದ. ಅವಳು ಕೂತಳು.

ಆಮೇಲೆ ಅವಳು ಮಾಲೀಕರ ಬೆನ್ನು ಬಿದ್ದಳು. ಬೆಸುಗೆಗಳನ್ನು ತಟ್ಟಿ, ನೋಡಿ, ಸೈ ಅನ್ನಲು ಒಬ್ಬ ಪರೀಕ್ಷಕ ಬೇಕೆಂದು ವಾದಿಸಿ ಒಪ್ಪಿಸಿದಳು. ಆ ಹೊತ್ತಿಗೆ ಚಳಿಗಾಲ ಬಂದಿತ್ತು. ಕಿಡಿಯಣ್ಣ ಮಗಳ ತರಕಾರಿ ಅಂಗಡಿಯಲ್ಲಿ ಇರುತ್ತಾನೆಂದು ವಿಳಾಸ ಹುಡುಕಿಕೊಂಡು ಹೋದಳು. ಅವನು ಈರುಳ್ಳಿಯ ಒಣಸಿಪ್ಪೆ ಬಿಡಿಸುತ್ತಿದ್ದ. ಅವಳನ್ನು ಕಂಡೊಡನೆ ಎದ್ದು, ಗೋಣಿಚೀಲದ ಮೇಲಿನ ಧೂಳು ಕೊಡವಿ ಕೂರಿಸಿದ. ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳಿದ.

"ಕರೆಯೋಕೆ ಬಂದ್ರಲ್ಲ, ದೊಡ್ಡ ಮನಸ್ಸು," ಎಂದ. "ಆದ್ರೆ ಈಗ ನಾನು ಅಲ್ಲಿ ಬಂದು ನಿಂತ್ರೆ, ಬೆಸುಗೇನ ಯಾರೂ ನೋಡಲ್ಲ ಮೇಡಂ. ಎಲ್ಲಾರೂ ನನ್ನ ಕೈ ನೋಡ್ತಾರೆ."

ಅವಳು ಇನ್ನೊಮ್ಮೆ ಒತ್ತಾಯಿಸಲಿಲ್ಲ. ಒತ್ತಾಯಿಸುವ ಹಕ್ಕು ತನಗೆ ಉಳಿದಿಲ್ಲ ಅನ್ನಿಸಿತು. ಅವಳು ಬೇಡವೆಂದರೂ ಕೇಳದೆ ಅವನು ಬಸ್ ನಿಲ್ದಾಣದವರೆಗೆ ಜೊತೆಯಲ್ಲಿ ಬಂದ. ತಪ್ಪಾಯಿತು ಎಂಬ ಮಾತು ದಾರಿಯುದ್ದಕ್ಕೂ ಅವಳ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಅವಳು ಕೇಳಿದ್ದು ವ್ಯಾಪಾರ ಹೇಗಿದೆ, ಮೊಮ್ಮಕ್ಕಳು ಏನು ಓದುತ್ತಿದ್ದಾರೆ, ಈ ಕಡೆ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದಾ ಎಂದು. ಅವನು ಒಂದೊಂದಕ್ಕೂ ಸಾವಧಾನವಾಗಿ ಉತ್ತರ ಕೊಟ್ಟ. ಬಸ್ಸು ಬಂತು. ಜನ ನುಗ್ಗಿದರು. ಅವಳಿಗೆ ಕಿಟಕಿಯ ಪಕ್ಕ ಸೀಟು ಸಿಗುವಷ್ಟರಲ್ಲಿ ಅವನು ಬೆನ್ನು ತಿರುಗಿಸಿ, ಎರಡು ಕೈಗಳನ್ನೂ ಜೇಬಿನಲ್ಲಿಟ್ಟುಕೊಂಡು, ಅಂಗಡಿಯ ಕಡೆ ನಡೆಯುತ್ತಿದ್ದ.